ಸತುವಿಗೆ ಒತ್ತಿಲ್ಲ

ಬ್ರಿಟೋನಾದ ಜೆಟ್ಟಿಗೆ ಕೆಲಸಕ್ಕೆ ಸೇರಿದ ಮೊದಲ ವಾರ
ಲೆಕ್ಕದ ಪುಸ್ತಕದಲ್ಲಿ ಬರೆದೆ:
‘ಪೆರ್ಪೆಟುವಾ ದೋಣಿ. ಸತ್ತು, ನಾಲ್ಕು ಕಿಲೊ.’
ಆಫೀಸಿನಲ್ಲಿ ಕೂರುವ ಕಾರವಾರದ ಪ್ರಫುಲ್ಲಾ ನಕ್ಕಳು:
‘ರೋಣದವನೇ, ಸತುವಿಗೆ ಒತ್ತಿಲ್ಲ.
ಒತ್ತು ಕೊಟ್ಟೆಯೋ, ಹೋಯಿತು ಜೀವ.’

ನವರಾತ್ರಿಯಲ್ಲಿ ಕಟ್ಟಿದ ಸತು ಅದು.
ವರ್ಷ ಬಾಳಬೇಕಿತ್ತು.
ಪಣಜಿಯಿಂದ ಕಾರ್ನಿವಲ್ಲಿನ ಡೋಲು ಕೇಳುವ ಹೊತ್ತಿಗೆ
ದೋಣಿ ಎತ್ತಿ ನೋಡಿದರೆ
ಬೋಲ್ಟಿನ ಸುತ್ತ ಇರುವೆ ತಿಂದ ಬೆಲ್ಲದಂಥ ಒಂದು ಚೂರು;
ಪಂಖದ ಅಂಚಿನಲ್ಲಿ ಕಂಚು
ಹಾಲುಹಲ್ಲು ಬಿದ್ದ ವಸಡಿನ ಬಣ್ಣ.
ಮುಂಬಯಿಯಿಂದ ಬಂದ ಖರಾಸ್ ಸಾಹೇಬರು
ಸತು ಖೋಟಾ ಎಂದು ಅಂಗಡಿಯವನನ್ನು ಬೈದರು,
ನದಿಯನ್ನು ಬೈದರು,
ನನ್ನನ್ನೂ, ಹತ್ತಿರ ನಿಂತಿದ್ದಕ್ಕೆ.

ಮಿನಿನ್ ಮೇಸ್ತ್ರಿ ಏನೂ ಅನ್ನಲಿಲ್ಲ.
ಹೊಸ ಸತು ಕಟ್ಟಿಸಿ, ದೋಣಿ ಇಳಿಸಿ, ಮೂರನೆಯ ದಿನ
ಬೆಳ್ಳಿಯ ಕಡ್ಡಿಯೊಂದನ್ನು ನೀರಿಗೆ ಬಿಟ್ಟು
ಮೀಟರಿನ ಮುಂದೆ ಕೂತ, ಜ್ವರ ನೋಡುವವನ ಹಾಗೆ.
‘ದಡದ ಪ್ಲಗ್ ಕೀಳು.’ ಒಂಬೈನೂರ ಎಂಬತ್ತು.
‘ಹಾಕು.’ ಏಳುನೂರ ನಲವತ್ತು.
‘ಕೀಳು. ಹಾಕು.’
ಹನ್ನೊಂದು ಸಲ.

ಆಮೇಲೆ ಗದ್ದ ಎತ್ತಿ ತೋರಿಸಿದ:
ಪಕ್ಕದಲ್ಲಿ ‘ದರ್ಯಾರಾಣಿ’,
ಸಂಜೆ ಪ್ರವಾಸಿಗಳನ್ನು ಕುಣಿಸುವ ಕಬ್ಬಿಣದ ಹಡಗು.
ಎರಡು ವರ್ಷದಿಂದ ಅದರ ಹೊಟ್ಟೆಗೆ ಸತುವಿಲ್ಲ.
ಒಂದೇ ಕಂಬ, ಎರಡು ಪ್ಲಗ್;
ಕಂಬದೊಳಗೆ ಇಬ್ಬರ ಹಸಿರು ತಂತಿಗೂ ಒಂದೇ ಗಂಟು;
ಕೆಳಗೆ ಉಪ್ಪುನೀರು.
ಸಾಕಲ್ಲ, ಮಾಂಡವಿ ಬ್ಯಾಟರಿಯಾಗಲು!
ಬಲ್ಬೊಂದೂ ಹೊತ್ತದಷ್ಟು ಕರೆಂಟು
ಹಗಲೂ ರಾತ್ರಿ ತೆಪ್ಪಗೆ ಹರಿದು
ನಮ್ಮ ಸತು ಅವರ ಕಬ್ಬಿಣವನ್ನು ಕಾಯುತ್ತಿತ್ತು.
ಯಾರೂ ಕದ್ದಿರಲಿಲ್ಲ.
ಯಾರೂ ಕೊಟ್ಟಿರಲೂ ಇಲ್ಲ.

ಜೀವ ಕಾಯಲೆಂದೇ ಎಳೆದ ತಂತಿ.
ಬೇಲಿ ಎದ್ದು ಹೊಲ ಮೇಯ್ದದ್ದನ್ನು
ಗಾದೆಯಲ್ಲಿ ಕೇಳಿದ್ದೆ, ಜೆಟ್ಟಿಯ ಮೇಲೆ ನೋಡಿದೆ.
‘ಹಂಗಾರ ಹಸಿರು ಕತ್ತರಿಸಿಬಿಡ್ತೀನಿ, ಮೇಸ್ತ್ರಿ.
ಪಕ್ಕಡ ಕಿಸೆದಾಗ ಐತಿ.’

ಮಣಿಕಟ್ಟು ಹಿಡಿದ. ಗುರುತು
ಸಂಜೆಯವರೆಗೂ ಇತ್ತು.
ಮುರುಕು ಹಿಂದಿಯಲ್ಲಿ, ನದಿಯ ಕಡೆ ನೋಡುತ್ತ ಹೇಳಿದ:
ಶಾಪೋರಾದಲ್ಲಿ ಒಬ್ಬ ಜಾಣ ಹೀಗೇ ಕತ್ತರಿಸಿದ್ದ.
ಸತು ಎರಡು ವರ್ಷ ಬಂತು, ಮಾಲೀಕ ಬಕ್ಷೀಸು ಕೊಟ್ಟ.
ಒಂದು ಶ್ರಾವಣದಲ್ಲಿ, ಮಳೆಗೆ ನದಿ ಸಿಹಿಯಾಗಿದ್ದಾಗ,
ಫ್ರಿಜ್ಜಿನ ತಂತಿ ಸುಲಿದು
ಕರೆಂಟು ಎಂಜಿನ್ನಿಗಿಳಿದು, ಅಲ್ಲಿಂದ ನೀರಿಗಿಳಿದು,
ತೇಲಿಹೋದ ಚಪ್ಪಲಿ ತರಲು ಹಾರಿದ ಹುಡುಗ...
‘ಈಜು ಬರುತ್ತಿತ್ತು ಅವನಿಗೆ’ ಅಂದ ಮೇಸ್ತ್ರಿ.
‘ತುಂಬ ಚೆನ್ನಾಗಿ ಬರುತ್ತಿತ್ತು.’
ಹುಡುಗ ಯಾರೆಂದು ನಾನು ಕೇಳಲಿಲ್ಲ.
ಜಾಣ ಯಾರೆಂದೂ.

ಮರುದಿನ ಊಟದ ಡಬ್ಬಿಯಷ್ಟೇ ದೊಡ್ಡ ಡಬ್ಬಿ ತಂದ.
ಒಳಗೆ ಎದುರುಬದುರು ಕೂತ ಡಯೋಡುಗಳು.
ಹಸಿರು ತಂತಿಯ ದಾರಿಯಲ್ಲೇ ಕೂರಿಸಿದೆವು.
ಅದೊಂದು ಹೊಸ್ತಿಲು, ಒಂದು ವೋಲ್ಟಿಗಿಂತ ತುಸು ಎತ್ತರ.
ಲೋಹ ಲೋಹಕ್ಕೆ ಪಿಸುಗುಟ್ಟಿದ್ದು ದಾಟಲಾರದು;
ಬೆಂಕಿ ಓಡಿಬಂದರೆ ಮಾತ್ರ ಅಡ್ಡ ನಿಲ್ಲುವುದಿಲ್ಲ,
ಹಾರಿಸಿ ನೆಲ ಮುಟ್ಟಿಸುತ್ತದೆ.
‘ವರ್ಷಕ್ಕೊಮ್ಮೆ ಮೀಟರು ಹಚ್ಚು. ಎರಡೂ ಕಡೆಯಿಂದ.
ನಾನಿರಲಿ, ಇಲ್ಲದಿರಲಿ.’
ಪ್ಲಗ್ ಹಾಕಿದೆ. ಒಂಬೈನೂರ ಎಂಬತ್ತು.
ಖರಾಸ್ ಸಾಹೇಬರು ಬಿಲ್ಲಿನಲ್ಲಿ ಇನ್ನೂರು ಮುರಿದುಕೊಂಡರು.

ಪಕ್ಕದವರಿಗೆ ಹೇಳಬೇಡವೇ ಎಂದೆ.
ಮೇಸ್ತ್ರಿ ಆಗಲೇ ದರ್ಯಾರಾಣಿಯ ಹಲಗೆ ಹತ್ತುತ್ತಿದ್ದ,
ಹೆಗಲ ಚೀಲದಲ್ಲಿ, ತಂತಿ ಕಟ್ಟಿ ಇಳಿಬಿಡುವ
ಸತುವಿನ ಗಟ್ಟಿ ಎರಡು.
ಯಾರ ಲೆಕ್ಕಕ್ಕೆಂದು ಹೇಳಲಿಲ್ಲ.
ಪುಸ್ತಕ ತೆರೆದು ಬರೆದೆ,
ಹೆಸರಿನ ಜಾಗ ಖಾಲಿ ಬಿಟ್ಟು,
ಈ ಸಲ ಒತ್ತಿಲ್ಲದೆ.