ಬಿಟ್ಟ ಸ್ಥಳ

ಪಠ್ಯದಲ್ಲಿ ಇರುವುದು ನಾಲ್ಕೇ ಸಾಲು.
ಐದನೆಯದು ಪ್ರಶ್ನೆ. ಬಿಟ್ಟ ಸ್ಥಳ ತುಂಬಿರಿ:
ಸಂಡಾಕನ್ನಿನಿಂದ ರಾನಾವಿಗೆ ನಡೆಸಿ ತಂದ ಸೆರೆಯಾಳುಗಳಲ್ಲಿ
ಕೊನೆಗೆ ಉಳಿದವರು ______ ಮಂದಿ.

ಆರು ಎಂದು ಬರೆದು, ಪೆನ್ಸಿಲ್ ಕೆಳಗಿಟ್ಟು,
ನಾಲ್ಕನೆಯ ಕ್ಲಾಸು ಕಿಟಕಿ ನೋಡತೊಡಗಿತು.
ಮೋಡ ಕಳಚಿ ಕಿನಾಬಾಲು ಬೆಟ್ಟ ಆಗಷ್ಟೇ ಹಲ್ಲು ತೋರಿಸಿತ್ತು.

ರೊಸ್ನಿ ಟೀಚರಿಗೆ ಸಮಾಧಾನವಿಲ್ಲ.
ಮನೆಯಿಂದ ತಂದ ಅಕ್ಕಿಯನ್ನು ಮೇಜಿನ ಮೇಲೆ ಸುರಿದು
ಒಂದು ಹಿಡಿ ಬೇರೆ ಮಾಡಿದಳು: "ಇದು ಒಬ್ಬನಿಗೆ, ಒಂದು ದಿನಕ್ಕೆ.
ಆಮೇಲೆ ಇದೂ ಇಲ್ಲ."
"ಸಾಂಬಲ್ ಇತ್ತಾ ಟೀಚರ್?" ಎಂದ ಡೊಲ್ವಿನ್.
ಎಲ್ಲರೂ ನಕ್ಕರು. ಅವಳೂ ನಕ್ಕುಬಿಟ್ಟು ನಾಚಿಕೊಂಡಳು.
"ಕಾಡಿಗೆ ಓಡಿಹೋಗಬಹುದಿತ್ತಲ್ಲ?"
"ಕಾಲಿಗೆ ಬೂಟಿರಲಿಲ್ಲ."
"ನಮಗೂ ಇರಲ್ಲ. ನಾವು ಓಡ್ತೀವಿ."
"ಕಾವಲಿನವರಿಗೂ ಹಸಿವಾಗ್ತಿತ್ತಾ?"
ಇದಕ್ಕೆ ಉತ್ತರ ಅವಳು ಬರೆದು ತಂದಿರಲಿಲ್ಲ.
ಹಿಂದಿನ ಬೆಂಚಿನಿಂದ ಜೆಸ್ಲಿನ್, ತಗ್ಗಿದ ದನಿಯಲ್ಲಿ:
"ನಮ್ಮ ಮುತ್ತಜ್ಜ ಮೂಟೆ ಹೊತ್ತಿದ್ದನಂತೆ. ಜಪಾನಿನವರದು.
ಹೊರದಿದ್ದರೆ ಹೊಡೀತಿದ್ರಂತೆ. ಅದನ್ನೂ ಬರೀಬೇಕಾ?"

ಬೋರ್ಡಿನ ಮೇಲೆ ಬೆಳಿಗ್ಗೆಯೇ ಬರೆದಿಟ್ಟಿದ್ದಳು, ದುಂಡಗೆ: ಬಲಿದಾನ.
ಈಗ ನೋಡಿದರೆ, ಬಲಿ ಸರಿ.
ದಾನ ಎಲ್ಲಿಂದ ಬಂತು?

ಮರುದಿನ ಓದು ಬಂದಳು.
ಅಲ್ಲಿಯ ದುಸುನ್ ಮಾತಿನಲ್ಲಿ ಅಜ್ಜಿಗೆ ಓದು ಎನ್ನುತ್ತಾರೆ.
ನಮ್ಮ ಕಿವಿಗೆ ಅದರರ್ಥ ಬೇರೆ. ಇರಲಿ, ಅದೂ ಒಪ್ಪುತ್ತದೆ.
ಹೆಸರು ಗಿಂಡುಯ್, ಡೊಲ್ವಿನನ ಮುತ್ತಜ್ಜಿ.
ಒಂದು ಕಣ್ಣಿಗೆ ಪೊರೆ, ಕೈಯಲ್ಲಿ ಬೇಯಿಸಿದ ಗೆಣಸಿನ ಗಂಟು.

"ತ್ಯಾಗ ಗೀಗ ನಾನು ಕಾಣೆ," ಎಂದಳು, ಕುರ್ಚಿ ಬೇಡವೆಂದು ನೆಲಕ್ಕೆ ಕೂತು.
"ನನಗೆ ಒಂಬತ್ತು ವರ್ಷ. ಮರಗೆಣಸು ಕೀಳುತ್ತಿದ್ದೆ.
ಬೇಲಿಯಾಚೆ ಸಾಲಾಗಿ ಬಂದರು,
ಬಟ್ಟೆ ಒಣಗಿಹಾಕುವ ಗಳುಗಳಿಗೆ ಕಾಲು ಬಂದ ಹಾಗೆ.
ಒಬ್ಬ ನಿಂತ. ಕೆಂಪು ಗಡ್ಡ. ನನ್ನನ್ನೇ ನೋಡಿದ.
ಹೆದರಿ, ಕೈಲಿದ್ದ ಗೆಣಸನ್ನು ಎಸೆದೆ. ಕೊಟ್ಟದ್ದಲ್ಲ ಮತ್ತೆ,
ನಾಯಿಗೆ ಕಲ್ಲು ಬೀಸುತ್ತೇವಲ್ಲ, ಹಾಗೆ.
ಹಣೆಗೆ ಬಡಿಯಿತು.
ಬಗ್ಗಿ ಹೆಕ್ಕಿದ. ಏಳಲು ಬಹಳ ಹೊತ್ತು ಹಿಡಿಯಿತು.
ಮುರಿದು ಅರ್ಧ ಹಿಂದಿನವನಿಗೆ ಕೊಟ್ಟ.
ನನ್ನ ಕಡೆ ತಿರುಗಿ 'ಮಾಜರಿ' ಎಂದ.
ಉಪಕಾರವಾಯಿತು ಅನ್ನಲು ಅವರಲ್ಲಿ ಹಾಗೆ ಹೇಳುತ್ತಾರೆ."

"ಅವನು ಆ ಆರು ಮಂದಿಯಲ್ಲಿ ಒಬ್ಬನಾ, ಓದು?"
"ಯಾವ ಆರು ಮಗೂ? ನಾನು ಎಣಿಸಲಿಲ್ಲ."

ಆವತ್ತಿನಿಂದ ಆ ಮನೆಯಲ್ಲಿ ಉಂಡು ಎದ್ದವರೆಲ್ಲ
ತಟ್ಟೆ ಎತ್ತುವಾಗ ಮಾಜರಿ ಎನ್ನುತ್ತಾರೆ.
ಬಂದ ಸೊಸೆಯರು ಮೊದಲ ವಾರದಲ್ಲೇ ಕಲಿತರು.
ಡೊಲ್ವಿನನಿಗೆ ಅದು ಅಮ್ಮ ಎಂಬ ಮಾತಿನಷ್ಟೇ ಹಳೆಯದು.

ರೊಸ್ನಿಗೆ ಇಂಗ್ಲಿಷ್ ಗೊತ್ತು.
ಮಾರ್ಜರಿ. ಹೆಣ್ಣಿನ ಹೆಸರು.
ಹೆಂಡತಿಯೋ, ತಂಗಿಯೋ, ಒಂಬತ್ತು ವರ್ಷದ ಮಗಳೋ,
ಬೇಲಿಯ ಈಚೆ ಅವನಿಗೆ ಕಂಡವಳು ಯಾರೋ.
ತಿದ್ದುವುದೇ ಅವಳ ಕೆಲಸ. ಕೆಂಪು ಪೆನ್ನು ಜಡೆಯಲ್ಲೇ ಸಿಕ್ಕಿಸಿಕೊಂಡಿದ್ದಾಳೆ.
ತುಟಿಯವರೆಗೆ ಬಂದದ್ದನ್ನು
ಸೀಮೆಸುಣ್ಣದ ಜೊತೆ ಮುಷ್ಟಿಯಲ್ಲಿ ಹಿಡಿದು ನಿಂತಳು, ಪುಡಿಯಾಗುವ ತನಕ.

ಹತ್ತೂವರೆಗೆ ಬೆಲ್ಲು.
ಗಂಟು ಬಿಚ್ಚಿತು. ಮೂವತ್ತೊಂದು ಕೈಗೆ ಗೆಣಸು ಸಾಲದು,
ಮುರಿದರು, ಮತ್ತೆ ಮುರಿದರು, ಇಬ್ಬರಿಗೆ ಜಗಳ, ಒಂದು ತುಂಡು ನೆಲಕ್ಕೆ.
"ಮಾಜರಿ," ಎಂದ ಡೊಲ್ವಿನ್ ಬಾಯ್ತುಂಬ.
ಆಮೇಲೆ ಎಲ್ಲರೂ, ಸುಮ್ಮನೆ ಮೋಜಿಗೆ,
ಅಂಗಳದಲ್ಲಿ, ಧ್ವಜದ ಕಂಬದ ಸುತ್ತ, ರಸ್ತೆಯ ಅಂಚಿನವರೆಗೂ
ಕೂಗುತ್ತ ಓಡಿದರು,
ಹೊತ್ತು ಮುಳುಗಿದರೂ ಮನೆಗೆ ಬಾರದ ಹುಡುಗಿಯೊಬ್ಬಳನ್ನು
ಊರೆಲ್ಲ ಸೇರಿ ಕರೆಯುವ ಹಾಗೆ.