ನಡುವಿನ ಮನೆ

ಎಸ್.ಪಿ. ರೋಡಿನಲ್ಲಿ ಕೊಂಡ ಹಳೇ ಲ್ಯಾಪ್‌ಟಾಪು.
ಅದರ ಹೊಟ್ಟೆಯೊಳಗೊಂದು ಇಲ್ಲದ ಯಂತ್ರ.
ಇಲ್ಲದ ಯಂತ್ರಕ್ಕೆ ಇಪ್ಪತ್ತು ಜಿಬಿಯ ಇಲ್ಲದ ಡಿಸ್ಕನ್ನು
ನಾನೇ ಬರೆದುಕೊಟ್ಟೆ, ಛಾಪಾ ಕಾಗದವಿಲ್ಲದೆ.

ಯಾರಿಗೆಷ್ಟು ಪಾಲು, ಕೇಳಿತು ಲಿನಕ್ಸು.
ರೂಟಿಗೆ ಆರು, ಸಾಕು ಅಂದುಕೊಂಡೆ.
ಸ್ವಾಪಿಗೆ ನಾಲ್ಕು. ರ‍್ಯಾಮು ಎರಡಿದ್ದರೆ ಇದು ನಾಲ್ಕಿರಬೇಕು,
ನಮ್ಮ ಲ್ಯಾಬಿನ ಹಳೇ ಮೇಷ್ಟ್ರ ಮಗ್ಗಿ.
ಉಳಿದ ಹತ್ತು ಹಾಗೇ ಇರಲಿ, ಸೈಟು ಹಿಡಿದಿಟ್ಟ ಹಾಗೆ,
ಮುಂದಕ್ಕೆ ಆದೀತು.

ಮೊದಲ ಅಪ್‌ಡೇಟು ಎಂಬತ್ತಮೂರು ಪರ್ಸೆಂಟಿಗೆ ಬಂದು ನಿಂತಿತು.
ಜಾಗ ಇಲ್ಲ.
ಹತ್ತು ಜಿಬಿ ಮೈದಾನ ಬೂದು ಬಣ್ಣದಲ್ಲಿ ಬಿದ್ದುಕೊಂಡಿದೆ,
ಜಾಗ ಇಲ್ಲವಂತೆ.

ರೂಟಿನ ಅಂಚು ಹಿಡಿದು ಬಲಕ್ಕೆ ಎಳೆದೆ. ಅಲುಗಲಿಲ್ಲ.
ಎಡಕ್ಕೆ ರೂಟು, ಬಲಕ್ಕೆ ಬಯಲು,
ನಡುವೆ ಇಟ್ಟಿಗೆ ಬಣ್ಣದ ಪಟ್ಟಿ, ಸ್ವಾಪು.
ಒತ್ತಿಕೊಂಡಿರುವುದನ್ನು ನುಂಗಬಹುದು,
ಹಾರಿ ನುಂಗುವ ಹಾಗಿಲ್ಲ.

ನಮ್ಮ ವಠಾರದ ತಕರಾರೂ ಇದೇ.
ಲಿಂಗರಾಜಪುರ, ರೈಲು ಹಳಿಯ ಹಿಂದಿನ ಸಾಲು, ನಾಲ್ಕು ಮನೆ.
ಎರಡರಲ್ಲಿ ನಾನು, ತಂಗಿ, ತಂಗಿಯ ಅವಳಿ ಮಕ್ಕಳು,
ಮಡಿಸಿದರೆ ಮಾತ್ರ ಬಾಗಿಲು ತೆರೆಯುವ ಒಂದು ಮಂಚ.
ನಾಲ್ಕು ಖಾಲಿಯಾಗಿ ಎರಡು ತಿಂಗಳು.
"ತಗೊಳ್ರಮ್ಮ, ಗೋಡೆ ಒಡೆಸಿಕೊಡ್ತೀನಿ" ಅಂದರು ಓನರ್ ಚಿಕ್ಕಪಿಳ್ಳಪ್ಪ,
ನಡುವೆ ಮೂರು ಅಂತ ಒಂದಿದೆ ಅನ್ನುವುದನ್ನು ಮರೆತು.

ಮೂರರಲ್ಲಿ ಅರುಳ್‌ಮೇರಿ ಆಂಟಿ.
ಅವರದು ಅಂತ ಎರಡು ಟ್ರಂಕು, ಒಂದು ಮಾತೆಯ ಪಟ.
ಮಿಕ್ಕಿದ್ದೆಲ್ಲ ನಮ್ಮದು.
ಒಂದನೇ ಮನೆಯ ಎರಡನೇ ಸಿಲಿಂಡರು,
ಎದುರು ಸಾಲಿನ ಸಯೀದಾ ಮಗಳ ಮದುವೆಗೆಂದು ಕೂಡಿಟ್ಟ ಸ್ಟೀಲು,
ಸಂಜೆ ಆರರ ತನಕ ಅವಳಿಗಳು,
ಬೀಗ ಹಾಕಿದ ಮನೆಗಳ ಪಾರ್ಸೆಲ್ಲು.
ಗೋಡೆಯ ಮೊಳೆಸಾಲಿನಲ್ಲಿ ಎಲ್ಲರ ಬೀಗದ ಕೈ,
ಒಂದೊಂದಕ್ಕೂ ಒಂದೊಂದು ಬಣ್ಣದ ದಾರ. ನಮ್ಮದು ಹಳದಿ.
ತುಂಬಿ ತುಳುಕಿದ್ದನ್ನು ಅಲ್ಲಿಟ್ಟು ಬರುತ್ತಿದ್ದೆವು,
ಬೇಕಾದಾಗ ಹೋಗಿ ತರುತ್ತಿದ್ದೆವು.
ಅಲ್ಲಿ ಒಬ್ಬರು ಮಲಗುತ್ತಾರೆ ಕೂಡ ಅಂತ
ಲೆಕ್ಕ ಇಟ್ಟವರಿಲ್ಲ.

ರಾತ್ರಿ ಒಂದೂವರೆಗೆ ಸ್ವಾಪನ್ನು ಆಫ್ ಮಾಡಿದೆ. ಅಳಿಸಿದೆ.
ಅದರಲ್ಲಿ ಕಡತ ಅನ್ನುವುದು ಇರುವುದಿಲ್ಲ,
ಎರವಲು ತಂದ ನೆನಪಷ್ಟೇ.
ರೂಟು ಮೈಮುರಿದು ಬಲಕ್ಕೆ ಹೊರಳಿತು: ಹದಿನೆಂಟು.
ತುದಿಯಲ್ಲಿ ಎರಡು ಜಿಬಿ, ಹೊಸ ಸ್ವಾಪು.
ಎಲ್ಲ ಸೇರಿ ನಾಲ್ಕು ನಿಮಿಷ.

ಆಂಟಿಯೇ ಹೇಳಿದ್ದು. ನಾನು ಕೇಳಿರಲಿಲ್ಲ, ಆಣೆ.
"ನಾನು ಆ ಕಡೆ ಹೋಗ್ತೀನಿ ಬಿಡು ಮಾ, ನಂದೇನಿದೆ, ಎರಡು ಟ್ರಂಕು."
ಭಾನುವಾರ ಚರ್ಚಿನಿಂದ ಬಂದು ಸೆರಗು ಸಿಕ್ಕಿಸಿ ಶುರು ಮಾಡಿದರೆ
ದೀಪ ಹಚ್ಚುವ ಹೊತ್ತಾದರೂ ಮುಗಿಯಲಿಲ್ಲ.
ಟ್ರಂಕು ಹತ್ತು ನಿಮಿಷದ ಕೆಲಸ.
ಸಿಲಿಂಡರು ಉರುಳಿಸುವಾಗ ಒಂದನೇ ಮನೆಯವರು
ಟಿವಿಯ ಸದ್ದು ಸ್ವಲ್ಪ ಜೋರು ಮಾಡಿಕೊಂಡರು.

ಈಗ ಯಂತ್ರ ಏಳುವಾಗ ಒಂದು ಕಡೆ ನಿಲ್ಲುತ್ತದೆ.
ಹಳೇ ಸ್ವಾಪಿನ ಗುರುತಿನ ನಂಬರು ಯಾವುದೋ ಪಟ್ಟಿಯಲ್ಲಿ ಉಳಿದುಬಿಟ್ಟಿದೆ.
ಅದನ್ನೇ ಹುಡುಕುತ್ತ, ಕೆಂಪು ಚುಕ್ಕಿಗಳನ್ನು ಅತ್ತಿತ್ತ ಓಡಿಸುತ್ತ
ಒಂದೂವರೆ ನಿಮಿಷ ಕಾಯುತ್ತದೆ.
ಆಮೇಲೆ ಬಿಟ್ಟು ಮುಂದಕ್ಕೆ ಹೋಗುತ್ತದೆ.

ಗೋಡೆ ಒಡೆದಾಯಿತು. ಮೂರರ ಬಾಗಿಲೂ ನಮ್ಮದೇ.
ಕೊರಿಯರಿನವನು ತಟ್ಟುತ್ತಾನೆ, ಸಯೀದಾಳ ಮಗಳು ತಟ್ಟುತ್ತಾಳೆ,
ನನ್ನ ಮುಖ ಕಂಡಮೇಲೂ ನಿಂತೇ ಇರುತ್ತಾರೆ ಒಂದಿಷ್ಟು ಹೊತ್ತು.

ಒಂದು ಸಾಲು ತಿದ್ದಿದರೆ ಸರಿಹೋಗುತ್ತದೆ, ಗೊತ್ತು.
ಮೊಳೆಗಳನ್ನೂ ಕೀಳಬೇಕು.
ನೆನ್ನೆ ಕೆಲಸಕ್ಕೆ ಹೊರಟ ತಂಗಿ
ಹಳದಿ ದಾರವನ್ನು ಅದರಲ್ಲೊಂದಕ್ಕೆ ತಗುಲಿಸಿ,
ಹೊಸ್ತಿಲ ತನಕ ಹೋಗಿ, ವಾಪಸು ಬಂದು, ತೆಗೆದುಕೊಂಡು
ನಾಲ್ಕಕ್ಕೆ ಕೊಟ್ಟು ಹೋದಳು.