ಬೆನ್ನಿನ ಬಟ್ಟೆ

ಮೊದಲು ತಪ್ಪು ಹೇಳಿಬಿಡುತ್ತೇನೆ.
ಇಪ್ಪತ್ತೆರಡನೇ ಎಪಿಸೋಡಿನ ಕೊನೆಗೆ
ಹುಡುಗ ಬೆನ್ನಿಗೆ ಕಟ್ಟಿಕೊಂಡ ಕೆಂಪು ಬಟ್ಟೆ
ಎಡಭುಜದಿಂದ ಅಂಚಿನವರೆಗೆ ಪರ್ರನೆ ಹರಿದದ್ದನ್ನು
ನಾವಿಬ್ಬರೂ ನೋಡಿದ್ದೇವೆ.
ಇಪ್ಪತ್ತಮೂರು ಶುರುವಾಗುವಾಗ ಅದು ಇಡಿಯಾಗಿದೆ.
ಯಾರು ಹೊಲಿದರು?
ಅಷ್ಟುದ್ದದ ಹರಕಿಗೆ, ಅಂಥ ಜಾರುವ ಬಟ್ಟೆಗೆ
ಒಳಗೆ ಪಟ್ಟಿ ಕೊಟ್ಟು, ಎರಡು ಸಾಲು ಓಡಿಸಿ,
ಭುಜದ ಹತ್ತಿರ ಬಾರ್‌ಟ್ಯಾಕ್ ಹಾಕಿ ಮುಗಿಸಲು
ನನಗಾದರೂ ಹನ್ನೊಂದು ನಿಮಿಷ ಬೇಕು.
ಒಂಬತ್ತು ಸಾಕು ಅಂತಾಳೆ ತಸ್ಮಿಯಾ.
ಅವಳು ಯಾವಾಗಲೂ ಹಾಗೇ.

ಪೀಣ್ಯ ಎರಡನೇ ಹಂತ, ನಾಲ್ಕನೇ ಲೈನು.
ಊಟಕ್ಕೆ ಅರ್ಧ ಗಂಟೆ.
ಮೆಟ್ಟಿಲಿಳಿದು, ಕೈ ತೊಳೆಯುವ ಸಾಲಲ್ಲಿ ನಿಂತು,
ಡಬ್ಬಿ ಖಾಲಿ ಮಾಡಿದ ಮೇಲೆ ಉಳಿಯುವುದು
ಅರ್ಧ ಎಪಿಸೋಡು. ಮಿಕ್ಕರ್ಧ ನಾಳೆ.
ಹಾಗಾಗಿ ನಮ್ಮ ಪಾಲಿಗೆ ಲೋಕ ಮುಳುಗುವುದು
ಗಂಟೆ ಹೊಡೆದ ಕೂಡಲೇ ನಿಂತುಹೋಗುತ್ತದೆ.
ಒಂದೇ ಇಯರ್‌ಫೋನು. ಬಲಕಿವಿಯದು ನನಗೆ, ಎಡದ್ದು ಅವಳಿಗೆ.
ಮಾತು ಜಪಾನಿ, ಕೆಳಗೆ ಓಡುವ ಅಕ್ಷರ ಇಂಗ್ಲಿಷು.
ಅವಳು ಪಿಯುಸಿ, ಓದಿ ಹೇಳುತ್ತಾಳೆ.
ನಾನು ಏಳನೇ ಕ್ಲಾಸು, ಬಟ್ಟೆ ನೋಡುತ್ತೇನೆ.

ಹುಡುಗನ ಹೆಸರು ಹಿಸಾನೊ.
ಶತ್ರುವಿನ ಹೆಸರು ನಮ್ಮ ನಾಲಿಗೆಗೆ ಹತ್ತಲಿಲ್ಲ,
ಪ್ರೊಡಕ್ಷನ್ ಮ್ಯಾನೇಜರ್ ಅಂತಲೇ ಕರೆದೆವು.
ಆರು ತೋಳು. ಒಂದೂ ಕೆಲಸ ಮಾಡುವುದಿಲ್ಲ,
ಬರೀ ಬೊಟ್ಟು ತೋರಿಸುತ್ತವೆ.

ಎಲ್ಲರೂ ಬೈಯುವುದು ಇಪ್ಪತ್ತಮೂರನ್ನು.
ಒಂದೇ ಒಂದು ಗುದ್ದು.
ಎತ್ತಿದ ಮುಷ್ಟಿ ಆ ಕಡೆಯ ದವಡೆ ಮುಟ್ಟಲು ಹದಿನಾಲ್ಕು ನಿಮಿಷ.
ಅಷ್ಟರಲ್ಲಿ ನಮ್ಮ ಲೈನಲ್ಲಿ
ಇಪ್ಪತ್ತೊಂದು ತೋಳು ಕೂಡಿಸಿರಬೇಕು.
ಮುಷ್ಟಿ ಗಾಳಿಯಲ್ಲಿರುವಾಗಲೇ ಅವನಿಗೆ
ಚಿಕ್ಕಂದಿನ ಸೇತುವೆ, ಸತ್ತ ಅಣ್ಣ,
ಅಣ್ಣ ಸುಲಿದು ಕೊಟ್ಟ ಕಿತ್ತಳೆ, ಅದರ ಬೀಜ.
'ಸುಮ್ನೆ ಎಳೀತಾರಕ್ಕ, ಓಡಿಸಿಬಿಡಿ'
ಅಂದ ಮಷೀನು ರಿಪೇರಿಯ ಪುಟ್ಟಮಾದ.
ನಾನು ಓಡಿಸಲಿಲ್ಲ.

ಹೋದ ಆಷಾಢದಲ್ಲಿ ಸೂಜಿ
ನನ್ನ ತೋರುಬೆರಳ ಉಗುರು ತೂರಿ ಆ ಕಡೆ ಬಂತು.
ಪೆಡಲಿನಿಂದ ಕಾಲು ಎತ್ತುವುದರೊಳಗೆ
ನಾನು ಸುಂಕದಕಟ್ಟೆ ಸರ್ಕಾರಿ ಶಾಲೆಗೆ ಹೋಗಿ,
ಬೆಂಚಿನ ಮೇಲೆ ಯಾರೋ ಕೆತ್ತಿದ್ದ ಹೆಸರು ಓದಿ,
ಪಂಕಜಾಕ್ಷಿ ಮಿಸ್ಸಿನ ಕೈಯಿಂದ ಸೀಮೆಸುಣ್ಣ ಇಸಕೊಂಡು
ವಾಪಸು ಬಂದಿದ್ದೆ.
ರಕ್ತ ಇನ್ನೂ ಕಾಣಿಸಿರಲಿಲ್ಲ.
ಹದಿನಾಲ್ಕು ನಿಮಿಷ ಕಮ್ಮಿಯೇ ಆಯಿತು ಅವನಿಗೆ.

ಇಪ್ಪತ್ತನಾಲ್ಕು.
ಗುದ್ದು ತಾಗುತ್ತದೆ. ಊರಿಗೆ ಊರೇ ಕುಸಿಯುತ್ತದೆ.
ಬಣ್ಣ ಚೆನ್ನಾಗಿದೆ, ಧೂಳು ಸಾಲದು,
ನಮ್ಮ ಮೆಟ್ರೋ ಕಂಬ ಅಗೆದಾಗ ಇದಕ್ಕಿಂತ ಹೆಚ್ಚಿತ್ತು.
ಆರು ತೋಳಿನವನು ಪುಡಿಯಾದ ಮೇಲೆ
ಹಿಸಾನೊ ಮಂಡಿಯೂರಿ ಕೂತು ಏನೋ ಅಂದ.
ಅಕ್ಷರ ಓಡಿದವು. ತಸ್ಮಿಯಾ ಓದಿದಳು:
'ಕೈ ನೋಯ್ತಿದೆ. ಇವತ್ತಿಗೆ ಸಾಕು.
ಯಾರಾದ್ರೂ ಒಂಚೂರು ನೀರು ಕೊಡಿ.'
ಇಂಥ ಮಾತು ಯಾವ ಹೀರೋ ಬಾಯಲ್ಲೂ ಕೇಳಿರಲಿಲ್ಲ.
ಕಟಿಂಗ್ ಚಿಂದಿಯಲ್ಲಿ ಕಣ್ಣೊರೆಸಿಕೊಳ್ಳುವಾಗ ಗಂಟೆ ಹೊಡೆಯಿತು.

ಭಾನುವಾರ, ಲಗ್ಗೆರೆಯ ರೂಮಲ್ಲಿ ಒಬ್ಬಳೇ,
ಮತ್ತೆ ಅದೇ ಜಾಗ ಹಾಕಿ, ನಿಲ್ಲಿಸಿ ನಿಲ್ಲಿಸಿ,
ಅಕ್ಷರಕ್ಕೆ ಅಕ್ಷರ ಪೋಣಿಸಿ ಓದಿದೆ.
ಕೈ ಇಲ್ಲ. ನೀರಿಲ್ಲ.
'ನಾನು ಎಂದೂ ಸೋಲುವುದಿಲ್ಲ' ಅಂತಿದೆ.
ಕೆಳಮನೆ ಹುಡುಗಿಗೂ ತೋರಿಸಿ ಕೇಳಿದೆ.
ಅಷ್ಟೇ ಇದೆ.

ಹತ್ತಕ್ಕೆ ಎಂಟು ಕೊಡುತ್ತೇನೆ.
ಕಳೆದ ಎರಡು, ಬಟ್ಟೆಗೆ.

ಸೋಮವಾರ ನಾನೇನೂ ಕೇಳಲಿಲ್ಲ.
ಅವಳ ಬಲ ಮಣಿಕಟ್ಟಿಗೆ ಕ್ರೇಪ್ ಬ್ಯಾಂಡೇಜು,
ಯಾವಾಗಿಂದ ಇತ್ತೋ, ನಾನು ನೋಡಿರಲಿಲ್ಲ.
ನನ್ನ ಬಾಟಲಿಯ ಮುಚ್ಚಳ ತಿರುಗಿಸಿ ಅವಳತ್ತ ಸರಿಸಿದೆ.
'ನಂದೇ ಇದೆಯಲ್ಲೇ' ಅಂದಳು.
ಅಂದು, ಕುಡಿದಳು.